ಕೆಂಪು ಕಡ್ಡಿಯ ನೆಲನೆಲ್ಲಿ

ನನ್ನ ಮೊಮ್ಮಗಳು ಗಿಡದ ಹೆಸರು ತಿದ್ದಿದ್ದಾಳೆ! ಗದ್ವಾಲದ ಕಾಲೇಜಿನಲ್ಲಿ ಹಿಂದಿನ ಕಾಲದ ಗಿಡಗಳನ್ನು ಒಣಗಿಸಿ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರಲ್ಲ, ಅಲ್ಲಿಯ ಎರಡು ಹಾಳೆಗಳ ಮೇಲೆ ಅವಳು ತಿದ್ದಿದ ಚೀಟಿ ಅಂಟಿಸಿದ್ದಾರೆ. ಚೀಟಿಯ ಕೆಳಗೆ ಅವಳ ಹೆಸರು, ನಮ್ಮ ಮನೆತನದ ಹೆಸರು ಸಮೇತ ಅಚ್ಚಾಗಿದೆ. ಈ ಸುದ್ದಿಯನ್ನು ನಾನು ಹಾಲಿನವಳಿಗೆ ಹೇಳಿದೆ, ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳಿಗೆ ಹೇಳಿದೆ, ಗದ್ವಾಲದ ಬಸ್ಸಿನ ಕಂಡಕ್ಟರನಿಗೂ ಹೇಳಿದೆ. ಅವನು ಟಿಕೆಟ್ ಹರಿಯುತ್ತಾ ತೆಲುಗಿನಲ್ಲಿ "ಚಾಲಾ ಸಂತೋಷಮ್ಮಾ" ಅಂದ. ಏನು ತಿಳಿಯಿತೋ ಅವನಿಗೆ, ಆದರೆ ನಕ್ಕ. ನನಗೆ ಅಷ್ಟು ಸಾಕಾಗಿತ್ತು.

ನಾನು ಕಲಿತದ್ದು ಮೂರನೇ ಜಮಾತು. ಕೂಡಿಸಿ ಕೂಡಿಸಿ ಓದುತ್ತೇನೆ, ಬರೆಯುವುದು ಅದಕ್ಕಿಂತ ನಿಧಾನ. ಆದರೂ ಇದನ್ನು ಬರೆದಿಡಬೇಕು ಅನ್ನಿಸಿದೆ. ಆ ದಿನ ನಾನು ಸಂತೋಷ ಹೊತ್ತುಕೊಂಡು ಹೋದೆ. ಬರುವಾಗ ಅದರ ಜೊತೆಗೆ ಇನ್ನೊಂದನ್ನೂ ಹೊತ್ತುಕೊಂಡು ಬಂದೆ.

ನನ್ನ ತವರು ಗುಂಡುಮಾಲ್. ನಮ್ಮ ಅಪ್ಪನ ಮನೆ ಅಂದರೆ ಕಾಮಣಿಗೆ ಔಷಧ ಕೊಡುವವರ ಮನೆ. ಕಣ್ಣು ಹಳದಿ ಆದವರು, ಉಂಡದ್ದು ಒಳಗೆ ನಿಲ್ಲದವರು ರವಿವಾರ ಬೆಳಿಗ್ಗೆ ಹೊಟ್ಟೆ ಹಸಿದುಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅಪ್ಪ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದ. ನೆಲನೆಲ್ಲಿ ಅಂದರೆ ಗೇಣುದ್ದದ ಸಸಿ, ಎಲೆಯ ಅಡಿಗೆ ಸಾಸಿವೆಯಂಥ ಕಾಯಿ. ಮಳೆ ಬಿದ್ದರೆ ಬದುವಿನ ತುಂಬ ಏಳುತ್ತದೆ. ಅದರಲ್ಲಿ ಎರಡು ತರ. ಒಂದರ ಕಡ್ಡಿ ಕೆಂಪು, ಇನ್ನೊಂದರದು ಹಸಿರು. ಅಪ್ಪ ಯಾವುದನ್ನು ಅರೆಯುತ್ತಾನೆ ಅನ್ನುವುದನ್ನು ಯಾರೂ ನೋಡುವಂತಿರಲಿಲ್ಲ. ನಸುಕಿನಲ್ಲಿ ತಾನೊಬ್ಬನೇ ಹೋಗಿ, ಮಾತಾಡದೆ ಕಿತ್ತು, ಧೋತರದ ಚುಂಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದ.

ನನ್ನ ಮದುವೆ ಗೊತ್ತಾದ ಮೇಲೆ ಒಂದು ರವಿವಾರ ನನ್ನನ್ನು ಕರೆದುಕೊಂಡು ಹೋದ. ತಲೆ ಮೇಲೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಹೋಗಿದ್ದೆ. ಬದುವಿನಲ್ಲಿ ಬಗ್ಗಿ ಕೆಂಪು ಕಡ್ಡಿಯದನ್ನು ಕಿತ್ತು ನನ್ನ ಅಂಗೈಯಲ್ಲಿ ಇಟ್ಟ.

"ಮಗಳನ್ನ ಗಂಡನ ಮನಿಗೆ ಬರಿಗೈಲೆ ಕಳಸಬಾರದವ್ವಾ. ಇದನ್ನ ತಗೊಂಡು ಹೋಗು. ಯಾರಿಗೂ ತೋರಸಬ್ಯಾಡ" ಅಂದ.

ಬಂಗಾರ ಕೊಟ್ಟಿದ್ದರೂ ನನಗೆ ಅಷ್ಟು ಹಿಗ್ಗು ಆಗುತ್ತಿರಲಿಲ್ಲ. ಮಕ್ತಲಿಗೆ ಬಂದ ಮೇಲೆ ನಾನೂ ಕೊಡಲು ಹಿಡಿದೆ. ಓಣಿಯವರು ಬಂದರು, ಆಮೇಲೆ ಆಚೆ ಊರಿನವರೂ ಬಂದರು. ಕೆಲವರಿಗೆ ಇಳಿಯುತ್ತಿತ್ತು, ಕೆಲವರಿಗೆ ಇಳಿಯುತ್ತಿರಲಿಲ್ಲ. ಇಳಿಯದವರು ರಾಯಚೂರಿನ ದವಾಖಾನೆಗೆ ಹೋಗುತ್ತಿದ್ದರು. ನನ್ನ ಗಂಡನಿಗೇ ಕಾಮಣಿ ಆದಾಗ ಮೂರು ದಿನ ಕೊಟ್ಟೆ. ಕಣ್ಣು ಹಳದಿ ಇದ್ದದ್ದು ಹಾಗೇ ಇತ್ತು. ನಾಲ್ಕನೇ ದಿನ ತಮ್ಮ ನೋಡಲು ಬಂದ. ಅಪ್ಪನ ನಂತರ ಗುಂಡುಮಾಲ್‌ನಲ್ಲಿ ಔಷಧ ಕೊಡುವವನು ಅವನೇ. "ಅಕ್ಕಾ, ನೀ ದಣದೀ. ನಾ ಅರಿತೀನಿ, ನೀ ಹೋಗಿ ಮಜ್ಜಿಗಿ ತಗೊಂಬಾ" ಅಂದ. ಎಂಟು ದಿನ ಉಳಿದು ತಾನೇ ಅರೆದ. ಗಂಡ ಎದ್ದು ಕೂತ. ಅದಾಗಿ ಎಷ್ಟೋ ವರ್ಷ ಬದುಕಿದ. "ನನ್ನ ಗಂಡನ್ನ ಎಬ್ಬಿಸಿದ್ದು ಇದ ಎಲಿ ನೋಡ್ರಿ" ಅಂತ ನಾನು ಬಂದವರಿಗೆಲ್ಲ ಹೇಳಿಕೊಂಡು ಬಂದೆ.

ಈಗ ಗದ್ವಾಲದ ಮಾತಿಗೆ ಬರುತ್ತೇನೆ. ಜೂರಾಲ ಅಣೆಕಟ್ಟು ದಾಟುವಾಗ ಹೊಳೆಯ ಗಾಳಿಗೆ ಸೆರಗು ಹಿಡಿಯುವುದೇ ಕಷ್ಟವಾಯಿತು. ಮೊಮ್ಮಗಳು ಬಸ್‌ಸ್ಟ್ಯಾಂಡಿಗೆ ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದಳು. ನಾರಾಯಣಪೇಟೆಯಲ್ಲಿ ಓದುವಾಗ ರಜೆಗೆ ಬಂದರೆ ನನ್ನ ಹಿಂದೆ ಹೊಲ ಸುತ್ತುತ್ತಿದ್ದ ಹುಡುಗಿ ಇವಳು. ಈಗ ಅಲ್ಲೇ ನೌಕರಿ, ಬೀರುಗಳ ಬೀಗದ ಕೈ ಇವಳ ಹತ್ತಿರವೇ ಇದೆ. ಕೋಣೆಯ ತುಂಬ ನುಸಿಗುಳಿಗೆಯ ವಾಸನೆ. ದಪ್ಪ ಹಾಳೆಗೆ ಗಿಡವನ್ನು ದಾರದಿಂದ ಹೊಲಿದು, ಮೂಲೆಯಲ್ಲಿ ಹೆಸರು, ಊರು ಬರೆದಿಟ್ಟಿದ್ದಾರೆ. ಹಳೆಯ ಹೆಸರು ತಪ್ಪು ಅಂತ ಗೊತ್ತಾದರೂ ಅದನ್ನು ಹೊಡೆದುಹಾಕುವುದಿಲ್ಲ, ಕೀಳುವುದಿಲ್ಲ. ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ, ತಿದ್ದಿದವರ ಹೆಸರು ಹಾಕುತ್ತಾರೆ.

"ಇವು ಎರಡೂ ನಿಮ್ಮೂರಿನವು, ಆಯಿ" ಅಂತ ಅವಳು ಎರಡು ಹಾಳೆ ತೆಗೆದು ಮೇಜಿನ ಮೇಲೆ ಹಾಸಿದಳು. "ತಂದುಕೊಟ್ಟವರು ಯಾರು ಗೊತ್ತೇನು? ಗುಂಡುಮಾಲ್‌ನ ಕಾಮಣಿ ಔಷಧದವರು. ನಿಮ್ಮಪ್ಪ!"

ನನಗೆ ನೆನಪಾಯಿತು. ನನ್ನ ಮದುವೆಯ ಹಿಂದಿನ ಮಳೆಗಾಲದಲ್ಲಿ ಗಿಡ ಹುಡುಕುವ ಒಬ್ಬ ಸಾಹೇಬ ಬಂದು ನಮ್ಮಲ್ಲಿ ನಾಲ್ಕು ದಿನ ಇದ್ದ. ಅಪ್ಪನ ಜೊತೆ ಹೊಲ ತಿರುಗುತ್ತಿದ್ದ. ರೊಟ್ಟಿ ಬಡಿದು ಹಾಕಿದವಳು ನಾನು. ಹಾಳೆಯ ಮೇಲಿನ ಗಿಡಗಳನ್ನು ಬಗ್ಗಿ ನೋಡಿದೆ. ಎರಡೂ ನೆಲನೆಲ್ಲಿ. ಒಣಗಿ ಎರಡೂ ಹುಣಸೆಹಣ್ಣಿನ ಬಣ್ಣಕ್ಕೆ ಬಂದಿದ್ದವು.

"ಸಾಹೇಬ್ರು ಎರಡಕ್ಕೂ ಒಂದ ಹೆಸರು ಬರದಿದ್ರು" ಅಂದಳು ಮೊಮ್ಮಗಳು. "ಬಣ್ಣ ಹೋಗೇತಿ, ಹೆಂಗ ಗುರ್ತು ಹಿಡೀಬೇಕು ಹೇಳು? ಬೀಜ ನೋಡಿದೆ. ಇದರ ಬೀಜದ ಮ್ಯಾಲೆ ಗೆರಿ ಅಡ್ಡಡ್ಡ, ಅದರದು ಉದ್ದುದ್ದ. ಬ್ಯಾರೆ ಬ್ಯಾರೆ ಜಾತಿ! ಇದು ಕೆಂಪು ಕಡ್ಡೀದು, ಅದು ಹಸರದು."

ಭೂತಗನ್ನಡಿಯಲ್ಲಿ ನನಗೂ ತೋರಿಸಿದಳು. ಮರಳಿನ ಕಾಳಿನಷ್ಟು ಬೀಜ, ಅದರ ಮೇಲೆ ನೇಗಿಲು ಹೊಡೆದಂತೆ ಸಾಲು. ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಕೂಸು ಅಷ್ಟು ಸಣ್ಣದರೊಳಗೆ ಹೊಕ್ಕು ನೋಡಿ ಬಂದಿದೆಯಲ್ಲ ಅಂತ.

ಹಸಿರು ಗಿಡದ ಹಾಳೆಯ ಅಂಚಿನಲ್ಲಿ ಆ ಸಾಹೇಬ ಉರ್ದುವಿನಲ್ಲಿ ಏನೋ ಬರೆದಿದ್ದ. ಮೊಮ್ಮಗಳಿಗೆ ಉರ್ದು ಬರುವುದಿಲ್ಲ. "ನಿಮ್ಮಪ್ಪನ ಮಾತು ಇರಬೇಕು, ನೀ ಬಂದಾಗ ಓದಿಸಬೇಕಂತ ಬಿಟ್ಟೀನಿ" ಅಂದು ದಫ್ತರದಿಂದ ವಯಸ್ಸಾದ ಗುಮಾಸ್ತರನ್ನು ಕರೆದಳು. ಅವರು ಕನ್ನಡಕ ಏರಿಸಿಕೊಂಡು ಓದಿ ಹೇಳಿದರು:

"ಕಾಮಣಿಗಿ ಕೊಡೋದು ಇದ ಗಿಡ, ಅಂತ ಬರದಾರಮ್ಮಾ. ಔಷಧದವ್ರು ಇದನ್ನ ಮಗಗ ಒಬ್ಬಗ ಹೇಳ್ತಾರ. ಹೊರಗಿನವ್ರಿಗಿ, ಹೆಣ್ಮಕ್ಕಳಿಗಿ ಕೆಂಪು ಕಡ್ಡೀದು ತೋರಸ್ತಾರ. ಅಷ್ಟ ಐತಿ ನೋಡ್ರಿ." ಹಾಳೆ ಕೆಳಗಿಟ್ಟು, "ಭಾಳ ಹುಷಾರ್ ಆದ್ಮಿ ಇದ್ದಂಗ ಕಾಣ್ತೈತಿ" ಅಂದು ನಕ್ಕರು.

ನಾನೂ ನಕ್ಕೆ. ಅವರು ಹೋಗುವವರೆಗೂ ನಗುತ್ತಲೇ ಇದ್ದೆ. ಆಮೇಲೆ ಸ್ಟೂಲಿನ ಮೇಲೆ ಕೂತೆ.

ಮೊಮ್ಮಗಳಿಗೆ ತಿಳಿಯಿತು. ನನ್ನ ಹಿಂದೆ ಎಷ್ಟು ರವಿವಾರ ಕೆಂಪು ಕಡ್ಡಿ ಕಿತ್ತಿದ್ದಾಳೋ ಅವಳು. "ಆಯಿ, ಯಾವುದು ಕೆಲಸ ಮಾಡತೈತಿ ಅನ್ನೋದು ನನಗ ಗೊತ್ತಿಲ್ಲ. ನಂದು ಹೆಸರು ನೋಡೋದು ಅಷ್ಟ" ಅಂದಳು.

"ನಿಮ್ಮ ಮುತ್ತಜ್ಜಗ ಗೊತ್ತಿತ್ತಲ್ಲ" ಅಂದೆ.

ಹೆಣ್ಣು ಬೇರೆ ಮನೆಗೆ ಹೋಗುತ್ತಾಳೆ, ಅವಳ ಜೊತೆ ಗುಟ್ಟೂ ಹೋಗುತ್ತದೆ ಅನ್ನುವ ಲೆಕ್ಕ ಅವನದು. ಆಗಲಿ. ಹೇಳದಿದ್ದರೆ ಹೇಳಬಾರದಿತ್ತು. ಒದ್ದೆ ತಲೆಯಲ್ಲಿ ನಿಲ್ಲಿಸಿ, ಅವ್ವಾ ಅಂತ ಕರೆದು, ಅಂಗೈಯಲ್ಲಿ ಸುಳ್ಳು ಯಾಕೆ ಇಟ್ಟ? ನನ್ನ ಕೈಯಿಂದ ಕುಡಿದವರು, ಇಳಿಯದೆ ಎದ್ದುಹೋದವರು ಒಬ್ಬೊಬ್ಬರೇ ಕಣ್ಣಮುಂದೆ ಬಂದರು. ನಾಲ್ಕು ದಿನ ರೊಟ್ಟಿ ತಿಂದ ಸಾಹೇಬನಿಗೆ ಹೇಳಿದ್ದನ್ನು ರೊಟ್ಟಿ ಬಡಿದ ಮಗಳಿಗೆ ಹೇಳಲಿಲ್ಲ.

ತಮ್ಮನಿಗೆ ಮೊದಲೇ ಬರಹೇಳಿದ್ದೆ, ಮೊಮ್ಮಗಳ ಸಂತೋಷಕ್ಕೆ ಮನೆಯಲ್ಲಿ ಹೋಳಿಗೆ ಊಟ ಅಂತ. ನಾನು, ಮೊಮ್ಮಗಳು ಸಂಜೆ ಮಕ್ತಲ್ ಮನೆ ಮುಟ್ಟುವಷ್ಟರಲ್ಲಿ ಅವನು ನಾರಾಯಣಪೇಟೆಯಿಂದ ಬಸ್ಸು ಬದಲಿಸಿ ಬಂದು, ಕಟ್ಟೆಯ ಮೇಲೆ ಕೂತು ನನ್ನ ಸೊಸೆಗೆ ಶೇಂಗಾ ಸುಲಿದುಕೊಡುತ್ತಿದ್ದ.

"ಅಕ್ಕಾ, ನಮ್ಮ ಮನೀ ಹೆಸರು ಗದ್ವಾಲದಾಗ ಮೆರೀತಂತಲ್ಲ!" ಅಂದ.

ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ತಮ್ಮಾ, ಕಾಮಣಿಗೆ ಯಾವ ಕಡ್ಡೀದು?"

ಅವನ ಕೈಯಲ್ಲಿನ ಶೇಂಗಾ ಹಾಗೇ ನಿಂತಿತು. ನನ್ನ ಮುಖ ನೋಡಲಿಲ್ಲ. "ಅಪ್ಪ ವಿಭೂತಿ ಮುಟ್ಟಿಸಿ ಆಣಿ ಮಾಡಿಸಿದ್ದ ಅಕ್ಕಾ. ಹೊರಗ ಬಿಟ್ಟರ ಔಷಧದ ಗುಣ ಹೋಗತೈತಿ ಅಂದಿದ್ದ."

"ನಾ ಹೊರಗಿನಾಕಿ?"

ಅವನು ಶೇಂಗಾ ಸಿಪ್ಪೆಗಳನ್ನು ಒಂದು ಕಡೆ ಕೂಡಿಸಿದ. ಮೆಲ್ಲಗೆ, "ಮಾವಗ ಮಾತ್ರ ನಾ ಸುಮ್ಮನ ಕುಂದ್ರಲಿಲ್ಲ. ಮಜ್ಜಿಗಿ ತರಾಕ ನಿನ್ನ ಕಳಿಸಿ, ನಾ ಊರಿಂದ ತಂದದ್ದ ಅರದೆ" ಅಂದ.

ಅದು ಉಪಕಾರ, ನನಗೆ ಗೊತ್ತು. ಆದರೆ ಅಪ್ಪನ ಸುಳ್ಳಿಗಿಂತ ಅದೇ ಹೆಚ್ಚು ಉರಿಯಿತು. ನನ್ನ ಗಂಡನನ್ನು ಎಬ್ಬಿಸಿದ್ದು ನನ್ನ ಎಲೆ ಅಂತ ಊರಿಗೆಲ್ಲ ಸಾರಿದ್ದೆ. ಎಷ್ಟೋ ಸಲ ಇವನ ಮುಂದೆಯೇ ಸಾರಿದ್ದೆ. ಇವನು ಹೂಂ ಹೂಂ ಅಂದು ತಲೆ ಆಡಿಸಿದ್ದ.

ಮೊಮ್ಮಗಳು ಮಧ್ಯೆ ಬಂದಳು. ಫೋನಿನಲ್ಲಿದ್ದ ಹಾಳೆಯ ಚಿತ್ರ ತೆರೆದು ಅವನ ಮುಂದೆ ಹಿಡಿದು, ಅಂಚಿನಲ್ಲಿ ಬರೆದದ್ದನ್ನು ಹೇಳಿದಳು. ಅವನು ಎರಡು ಸಲ ಹೇಳಿಸಿಕೊಂಡ.

"ಸಾಹೇಬಗ ಹೇಳ್ಯಾನ? ನನಗ ಆಣಿ ಹಾಕಿ, ತಾ ಹೋಗಿ ಸಾಹೇಬಗ ಹೇಳ್ಯಾನ?"

"ಹೇಳಿದ್ದಷ್ಟ ಅಲ್ಲೋ. ಗಿಡಾನೂ ಕಿತ್ತು ಕೊಟ್ಟಾನ. ಹಾಳಿಗಿ ಹೊಲದಿಟ್ಟಾರ" ಅಂದೆ.

"ನಾ ಹೆಂಡ್ತಿಗೆ ಹೇಳಿಲ್ಲ ಅಕ್ಕಾ! ಅಕಿ ಸಾಯೂ ಮುಂದ ಕೇಳಿದ್ಲು, ಆಗೂ ಹೇಳಲಿಲ್ಲ." ಅವನ ದನಿ ಒಡೆಯಿತು. ಶೇಂಗಾ ಬುಟ್ಟಿ ಸರಿಸಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನ ಮೇಲೆ ಇಟ್ಟುಕೊಂಡು ಬಂದ ಸಿಟ್ಟನ್ನು ಎಲ್ಲಿ ಇಡಬೇಕೋ ನನಗೆ ತಿಳಿಯಲಿಲ್ಲ.

"ಎಲ್ಲಾರೂ ಒಳಗ ಬರ್ರಿ, ರೊಟ್ಟಿ ಆರ್ತಾವ" ಅಂತ ಸೊಸೆ ಕೂಗಿದಳು.

ಮಗ, ಸೊಸೆ, ಮೊಮ್ಮಗಳು, ತಮ್ಮ, ನಾನು, ಎಲ್ಲರೂ ಪಡಸಾಲೆಯಲ್ಲಿ ಒಂದೇ ಸಾಲಿಗೆ ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹೋಳಿಗೆ. ಮೊಮ್ಮಗಳ ಬಾಯಿಗೆ ಮೊದಲ ಹೋಳಿಗೆ ನಾನೇ ಇಟ್ಟೆ. ನನ್ನ ಕೂಸಿನ ಹೆಸರು ಆ ಹಾಳೆಯ ಮೇಲಿದೆ, ಅಪ್ಪ ಮುಚ್ಚಿಟ್ಟದ್ದರ ಪಕ್ಕದಲ್ಲೇ, ಅಂತ ನೆನೆದರೆ ಎದೆ ತುಂಬಿ ಬರುತ್ತಿತ್ತು. ಮರುಗಳಿಗೆಗೆ ಅಪ್ಪನ ಕೈ ನೆನಪಾಗುತ್ತಿತ್ತು.

ತಮ್ಮ ತುಪ್ಪ ಹಾಕಿಸಿಕೊಳ್ಳದೆ ಹೋಳಿಗೆ ಮುರಿಯುತ್ತಾ ಕೂತಿದ್ದ. "ಅಕ್ಕಾ, ನಾಳಿಗಿ ನನ್ನ ಸಂಗಾಟ ಊರಿಗಿ ಬಾ. ಬದುವಿನ್ಯಾಗ ತೋರಸ್ತೀನಿ" ಅಂದ.

"ನೀ ತೋರಸೋದು ಬ್ಯಾಡ. ನನ್ನ ಮೊಮ್ಮಗಳು ತೋರಿಸ್ಯಾಳ" ಅಂದೆ.

ಅವನು ತಲೆ ತಗ್ಗಿಸಿದ. ನಾನು ತುಪ್ಪದ ಗಿಂಡಿ ಎಳೆದುಕೊಂಡು ಅವನ ಹೋಳಿಗೆಯ ಮೇಲೆ ಸುರಿದೆ. "ತಿನ್ನು. ಆ ಸಾಹೇಬಗ ಬರೇ ರೊಟ್ಟಿ ಹಾಕಿದ್ದೆ, ಅಪ್ಪ ಎಲ್ಲಾ ಹೇಳಿಬಿಟ್ಟ. ಹೋಳಿಗಿ ಹಾಕಿದ್ರ ಹೊಲಾನೂ ಬರದು ಕೊಡ್ತಿದ್ದನೋ ಏನೋ."

ಮೊದಲು ನಕ್ಕವಳು ಮೊಮ್ಮಗಳು. ಆಮೇಲೆ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡೇ ತಮ್ಮನೂ ನಕ್ಕ. ಸೊಸೆ ಎಲ್ಲರಿಗೂ ಇನ್ನೊಂದೊಂದು ರೊಟ್ಟಿ ಹಾಕಿದಳು, ನಾವು ಉಂಡೆವು.