ಬಾಳೆ ತೋಟದ ಉದ್ದನೆಯ ಕುಣಿ

ಮೊನ್ನೆ ಸೂಪರ್ ಮಾರ್ಕೆಟ್ ಎಂದು ಕರೆಯುವ ಪೇಟೆ ಬೀದಿಯಲ್ಲಿ ಆಟೊಗಳ ಸಂದಿಯಲ್ಲಿ ನುಸುಳುವಾಗ ಕೆಂಪು ಬಾಳೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಕಮಲಾಪುರದ್ದೇ ಎಂದು ಗಾಡಿಯವನು ಆಣೆ ಹಾಕಿದ. ಇವರ ಬಾಯಲ್ಲಿ ಎಲ್ಲ ಬಾಳೆಯೂ ಕಮಲಾಪುರದ್ದೇ. ಆದರೆ ಈ ವಾಸನೆ ನನಗೆ ಗೊತ್ತಿತ್ತು... ಅಲ್ಲೇ ನಿಂತುಬಿಟ್ಟೆ.

ಕುಸನೂರಿನಲ್ಲಿ ನಮ್ಮ ಎದುರು ಮನೆಯ ಮೇಜರ್ ಅಣ್ಣ ರಜೆಗೆ ಬಂದಾಗಲೆಲ್ಲ ಕಮಲಾಪುರದ ತಮ್ಮ ತೋಟದಿಂದ ಈ ಹಣ್ಣು ತಂದು ಕೊಡುತ್ತಿದ್ದ. ಮೀಸೆ ಇತ್ತು, ಗತ್ತು ಇರಲಿಲ್ಲ. ರಜೆಯಲ್ಲಿ ಅವನಿಗೆ ಬೇಕಾದದ್ದು ನಿದ್ದೆಯೊಂದೇ. ಕಾಲು ಚಾಚಿ ಮಲಗಿದರೆ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಕುಂಭಕರ್ಣ ಎಂದು ಅವನ ಅವ್ವ ಬೈಯುವುದು ನಮ್ಮ ಮನೆಗೂ ಕೇಳುತ್ತಿತ್ತು.

ಅವನು ಕೆಲಸಕ್ಕಿದ್ದ ದೂರದ ಗುಡ್ಡಗಾಡಿನಲ್ಲಿ ಬಂಡುಕೋರರ ಹಾವಳಿ ಜೋರಾಗಿದ್ದ ಕಾಲ. ಹೊಂಚು ಹಾಕಿ ಕೂತಿದ್ದವರು ಅವನ ಜೀಪನ್ನು ಸ್ಫೋಟಿಸಿದರು. ಕಮಲಾಪುರಕ್ಕೆ ಬಂದದ್ದು ಧ್ವಜ ಹೊದಿಸಿದ ಪೆಟ್ಟಿಗೆ. ತೆರೆಯಬೇಡಿ ಎಂದು ಜೊತೆಗೆ ಬಂದ ಅಧಿಕಾರಿ ಮೊದಲೇ ಕೇಳಿಕೊಂಡಿದ್ದರು.

ನಮ್ಮಲ್ಲಿ ಸತ್ತವರನ್ನು ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಕೂತಂತೆಯೇ ಮಣ್ಣು ಮಾಡುವುದು. ತೋಟದಲ್ಲಿ ಅದೇ ಅಳತೆಗೆ ಕುಣಿ ತೋಡಿದ್ದರು. ಪೆಟ್ಟಿಗೆ ಅದರೊಳಗೆ ಇಳಿಯುವುದಿಲ್ಲವೆಂದು ಯಾರಿಗೂ ಹೊಳೆದಿರಲಿಲ್ಲ. ಪೆಟ್ಟಿಗೆ ತೆರೆದು ಕೂಡಿಸಲೇಬೇಕು, ಇಲ್ಲದಿದ್ದರೆ ಹಿರಿಯರಿಗೆ ಮುಖ ತೋರಿಸುವುದು ಹೇಗೆ ಎಂದು ಅವನ ಕಾಕಾ ಹಟ ಹಿಡಿದ. ಅಧಿಕಾರಿ ಪೆಟ್ಟಿಗೆಗೆ ಅಡ್ಡ ಬಂದು ನಿಂತರು. ಕೂಡಿಸುವಂಥದ್ದು ಒಳಗೆ ಏನೂ ಉಳಿದಿಲ್ಲವೆಂದು ತಾಯಿಯ ಎದುರು ಹೇಗೆ ಹೇಳಿಯಾರು...

ಅವ್ವನಿಗೆ ಅರ್ಥವಾಗಿತ್ತು. ಕೈಯಲ್ಲಿದ್ದ ವಿಭೂತಿಯನ್ನು ಪೆಟ್ಟಿಗೆಯ ಹಲಗೆಗೇ ಹಚ್ಚಿದಳು.

"ಕುಣಿ ಉದ್ದ ಮಾಡ್ರಿ," ಅಂದಳು. "ನನ್ನ ಮಗಂದು ನಿದ್ದಿ ಭಾಳ ಬಾಕಿ ಅದ. ಮಲಕೊಳ್ಳಿ ಬಿಡ್ರಿ."

ಕಾಕಾ ತಾನೇ ಗುದ್ದಲಿ ಎತ್ತಿಕೊಂಡ. ಸಿಪಾಯಿಗಳೂ ಸಲಿಕೆ ಹಿಡಿದರು. ಅಗೆಯುವ ಭರದಲ್ಲಿ ಒಂದು ಬಾಳೆ ಗಿಡ ಗೊನೆ ಸಮೇತ ಉರುಳಿತು. ಗೊನೆಯ ಒಂದೆರಡು ಕಾಯಿಗಳು ಗಿಡದಲ್ಲೇ ಹಣ್ಣಾಗಿದ್ದವು. ಹಸಿ ಮಣ್ಣಿನ ಜೊತೆ ಬೆರೆತ ಆ ವಾಸನೆಯಲ್ಲೇ ಗುಂಡು ಹಾರಿಸಿ ಗೌರವ ಸಲ್ಲಿಸಿದರು.

ಹೋದ ವರ್ಷ ಅವ್ವನೂ ಹೋದಳು. ಪದ್ಧತಿಯಂತೆ ಕೂಡಿಸಿ, ಅವನ ತಲೆಯ ಕಡೆಗೇ ಮಣ್ಣು ಮಾಡಿದೆವು. ಬಿಸಿಲೇರಿತು ಏಳೋ ಎಂದು ಅವನನ್ನು ಬೈಯುವವರು ಈಗ ಯಾರೂ ಉಳಿದಿಲ್ಲ.

ಮೊನ್ನೆ ತಂದ ಹಣ್ಣುಗಳು ಅಡುಗೆಮನೆಯಲ್ಲಿ ಕಪ್ಪಾಗುತ್ತಿವೆ. ತಿನ್ನಲು ಆಗುತ್ತಿಲ್ಲ... ಎಸೆಯಲೂ ಕೈ ಬರುತ್ತಿಲ್ಲ.