ದೊರಸಾನಿಯ ಮೇಲೆ ಹೊರಿಸಿದ ತಪ್ಪು

ಕಳೆದ ಹದಿನೈದು ದಿನದಿಂದ ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೇನೆ. ಮನೆಯಲ್ಲಿ ಕುರ್ಚಿ ಇದೆ. ವೈರು ಹೆಣೆದ ಒಳ್ಳೆಯ ಕುರ್ಚಿ, ಇಪ್ಪತ್ತು ವರ್ಷದಿಂದ ನನ್ನ ಬೆನ್ನಿಗೆ ಹೊಂದಿಕೊಂಡದ್ದು. ಅದರಲ್ಲಿ ಈಗ ದೊರಸಾನಿ ಕೂರುತ್ತಾಳೆ.

ದೊರಸಾನಿ ಎಂದರೆ ನಮ್ಮ ಹೊಸ ಬೆಕ್ಕು. ರೊಳ್ಳದಲ್ಲಿರುವ ನನ್ನ ಬಾಮೈದ ಕೊಟ್ಟದ್ದು. ಬಂದ ಮೊದಲ ದಿನವೇ ಕುರ್ಚಿ ಹತ್ತಿ, ಕಾಲು ಮಡಿಸಿ, ನಮ್ಮನ್ನೆಲ್ಲ ಅರೆಗಣ್ಣಿನಲ್ಲಿ ನೋಡಿತು. "ದೊರಸಾನಿ ಕುಂತಂಗೆ ಕುಂತೈತೆ ನೋಡು" ಎಂದಳು ನನ್ನ ಹೆಂಡತಿ ರತ್ನ. (ತೆಲುಗಿನಲ್ಲಿ ದೊಡ್ಡ ಮನೆಯ ಯಜಮಾನಿಗೆ ಹಾಗೆನ್ನುತ್ತಾರೆ. ಮಡಕಶಿರದ ಕಡೆಯವರು ನಾವು, ಯಾವ ಮಾತು ಯಾವ ಭಾಷೆಯದು ಎಂದು ಲೆಕ್ಕ ಇಡುವವರಲ್ಲ.) ಹೆಸರು ಅಂಟಿಕೊಂಡಿತು.

ಬೆಕ್ಕು ತಂದದ್ದು ಶೋಕಿಗಲ್ಲ. ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ, ನಮ್ಮ ಮನೆಯ ಹಿಂದೆ ರೇಷ್ಮೆ ಹುಳುಮನೆ ಇದೆ. ಅದರ ಪೂರ್ತಿ ಆಡಳಿತ ರತ್ನಳದು. ನಾನು ಆಫೀಸಿನ ಗುಮಾಸ್ತ, ರಜೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹೊರುವ ಆಳು. ಹೋದ ಬೆಳೆಯಲ್ಲಿ ಇಲಿಗಳು ಹುಳ ತಿಂದುಹೋಗಿದ್ದವು. ಅದಕ್ಕೇ ಬೆಕ್ಕು. ತರುವ ದಿನವೇ ರತ್ನ ಕರಾರು ಹಾಕಿದ್ದಳು.

"ಈ ಬೆಳೆ ಒಂದು ನೋಡ್ತೀನಿ. ಹುಳಕ್ಕೆ ಏನಾದ್ರೂ ತೊಂದ್ರೆ ಕೊಡ್ತು ಅಂದ್ರೆ ಅವತ್ತೇ ವಾಪಸ್ ರೊಳ್ಳಕ್ಕೆ."

ಒಂಬತ್ತನೇ ಕ್ಲಾಸಿನ ನಮ್ಮ ಮಗಳು ಪವಿತ್ರ ಬೆಕ್ಕಿನ ಪರವಾಗಿ ತಲೆಯಾಡಿಸಿದಳು. ದೊರಸಾನಿ ಆಕಳಿಸಿದಳು.

ಇಲಿ ಹಿಡಿದಳೇ? ಒಂದು ಸಂಜೆ ಗೋಡೆಯಂಚಿನಲ್ಲಿ ಇಲಿ ಓಡಿತು. ದೊರಸಾನಿ ತಲೆ ಎತ್ತಿ ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಪೂರ್ತಿ ನೋಡಿ, ಮತ್ತೆ ಮಲಗಿದಳು. ಹಾಲು ತಣ್ಣಗಿದ್ದರೆ ಮೂಸುವುದಿಲ್ಲ. ಬೆಳಗಿನ ಜಾವ ಬಚ್ಚಲೊಲೆಯ ಬೆಚ್ಚನೆ ಬೂದಿಯಲ್ಲಿ ಹೊರಳಾಡಿ ಬಂದು, ನಾನು ಇಸ್ತ್ರಿ ಮಾಡಿಟ್ಟ ಬಿಳಿ ಶರ್ಟಿನ ಮೇಲೆ ಮೈಮುರಿಯುತ್ತಾಳೆ. "ಹೋಗು" ಎಂದು ಕನ್ನಡದಲ್ಲಿ ಹೇಳಿದೆ, ಕದಲಲಿಲ್ಲ. "ಪೋ" ಎಂದು ತೆಲುಗಿನಲ್ಲಿ ಗದರಿದೆ, ಬಾಲ ಅಲ್ಲಾಡಿಸಿದಳು. ಎರಡೂ ಭಾಷೆ ಬರುತ್ತದೆ ಎಂದು ನನ್ನ ಅನುಮಾನ. ಎರಡರಲ್ಲೂ ವಿಧೇಯತೆ ಇಲ್ಲ, ಅಷ್ಟೇ.

ಅವಳ ಅತಿ ಪ್ರಿಯವಾದ ಆಟವೆಂದರೆ ಹುಳುಮನೆಯ ಜಾಲರಿ ಬಾಗಿಲಿಗೆ ಉಗುರು ಸಿಕ್ಕಿಸಿ ನೇತಾಡುವುದು. ಅದನ್ನು ಕಂಡರೆ ರತ್ನಳ ಬಿಪಿ ಏರುತ್ತದೆ. ಯಾಕೆಂದರೆ ಆ ಬಾಗಿಲಿಗೆ ದೊಡ್ಡ ಕಾನೂನಿದೆ. ಕೈಕಾಲು ತೊಳೆದು, ಹೊಸ್ತಿಲ ಮೇಲಿನ ಸುಣ್ಣ ತುಳಿದೇ ಒಳಗೆ ಹೋಗಬೇಕು. ಹೋದವರು ಚಿಲಕ ಹಾಕಬೇಕು. ಹುಳ ಬಲಿತು ಹಣ್ಣಾಗಿ ಮೈ ಹೊಳೆಯುವ ದಿನವಂತೂ ಹೊರಗಿನವರಿಗೆ ತೋರಿಸುವಂತೆಯೇ ಇಲ್ಲ, ದೃಷ್ಟಿಯಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ.

ಮೊನ್ನೆ ಭಾನುವಾರ ಹುಳ ಹಣ್ಣಾದವು. ಹಣ್ಣು ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು ನಾಲ್ಕು ಕಡಿಮೆ ಬಿದ್ದವು. ಇಂಥ ಹೊತ್ತಿನಲ್ಲಿ ಒಬ್ಬರ ಚಂದ್ರಿಕೆ ಇನ್ನೊಬ್ಬರು ತರುವುದು ನಮ್ಮೂರಿನ ವಾಡಿಕೆ. ತಾಯಿ ಮಗಳು ಹಿಂದಿನ ಬೀದಿಗೆ ಹೊರಟರು. "ಬಾಗ್ಲು ಭದ್ರ. ಪಕ್ಕದ ಮನೆ ಕೋಳಿ ಅಲ್ಲೇ ಸುತ್ತಾಡ್ತಾ ಅವೆ" ಎಂದಳು ರತ್ನ. ಒಂದೇ ಒಂದು ಕೆಲಸ. ಹತ್ತೇ ನಿಮಿಷದ್ದು.

ಒಳಗೆ ಹೋದೆ. ಬೆಳಗಿನ ಬಿಸಿಲು ಜಾಲರಿಯಿಂದ ಇಳಿದು ಹುಳಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದ್ದವು. ತಡೆಯಲಾಗಲಿಲ್ಲ. ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. (ದೃಷ್ಟಿಗೆ ಇಂಟರ್ನೆಟ್ ಅನ್ವಯಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ.) ತಕ್ಷಣ ಅಗಳಿ ಊರಿನ ಗೆಳೆಯನೊಬ್ಬ ಫೋನ್ ಮಾಡಿ ಹೊಗಳತೊಡಗಿದ. ಹೊಗಳಿಕೆ ಸ್ಪಷ್ಟವಾಗಿ ಕೇಳಬೇಕಲ್ಲ? ಸಿಗ್ನಲ್ ಹುಡುಕುತ್ತಾ ಬೀದಿ ಬಾಗಿಲ ತನಕ ಬಂದೆ.

ರತ್ನಳ ಕೂಗು ಕೇಳಿ ಓಡಿದಾಗ ಜಾಲರಿ ಬಾಗಿಲು ಹಾರುಹೊಡೆದಿತ್ತು. ಒಳಗೆ ಮೂರು ಕೋಳಿಗಳಿಗೆ ಮದುವೆ ಊಟ. ಒಂದು ಚಂದ್ರಿಕೆ ಪೂರ್ತಿ ಖಾಲಿ, ಇನ್ನೊಂದು ಅರ್ಧ. ಅಟ್ಟಣೆಯ ತುದಿಯಲ್ಲಿ ದೊರಸಾನಿ ಕೂತು ಎಲ್ಲವನ್ನೂ ಸೂಪರ್‌ವೈಸರ್ ಥರ ನೋಡುತ್ತಿದ್ದಳು.

"ಯಾರು ಬಾಗ್ಲು ತೆಗ್ದಿದ್ದು?" ಎಂದಳು ರತ್ನ. ಆ ಹುಳಗಳಿಗಾಗಿ ತಿಂಗಳಿಡೀ ಅವಳು ಸರಿಯಾಗಿ ಕೂತು ಉಂಡಿರಲಿಲ್ಲ.

"ಬೆಕ್ಕೇ ಇರಬೇಕು. ದಿನಾ ಜೋತುಬೀಳ್ತಿತ್ತಲ್ಲ."

ಹೇಳಿದ್ದು ಯಾರು? ನಾನೇ ಸ್ವಾಮಿ, ನಾನೇ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂದುಬಿಟ್ಟಿತು.

ಒಂದು ಮಾತು ಹೇಳಲೇ? ಬೆಕ್ಕು ಬಂದ ಮೇಲೆ ನಮ್ಮ ಮನೆಯಲ್ಲಿ ಯಾರೂ ತಪ್ಪೇ ಮಾಡುತ್ತಿಲ್ಲ. ಹಾಲಿನ ಕೆನೆ ಮಾಯವಾದರೆ ಬೆಕ್ಕು. ಲೋಟ ಒಡೆದರೆ ಬೆಕ್ಕು. ಪವಿತ್ರಳ ಮ್ಯಾಥ್ಸ್ ಟೆಸ್ಟ್ ಪೇಪರನ್ನೂ ಬೆಕ್ಕೇ ಹರಿಯಿತಂತೆ, ಅದೂ ಮಾರ್ಕ್ಸ್ ಇರುವ ಜಾಗದಲ್ಲೇ. ಸಾರು ಉಕ್ಕಿದಾಗ ರತ್ನ ಕೂಡ "ಬೆಕ್ಕು ಕಾಲಿಗೆ ಅಡ್ಡ ಬಂತು" ಎಂದಿದ್ದಳು. ಹೊರಗೂ ಇದೇ ಕಥೆಯಲ್ಲವೇ? ಆಫೀಸುಗಳಲ್ಲಿ ಬೆಕ್ಕು ಸಾಕುವಂತಿಲ್ಲ, ಅದಕ್ಕೇ ಎಲ್ಲರೂ ಸರ್ವರ್ ಸಾಕಿಕೊಂಡಿದ್ದಾರೆ. ಏನು ಕೇಳಿದರೂ "ಸರ್ವರ್ ಡೌನ್". ಪಾಪ, ಅದೂ ತಿರುಗಿ ಮಾತಾಡುವುದಿಲ್ಲ.

ರತ್ನ ತಮ್ಮನಿಗೆ ಫೋನ್ ಮಾಡಿ, "ಸಾಯಂಕಾಲ ಬಾರಪ್ಪ, ಬೆಕ್ಕು ತಗಂಡೋಗು" ಎಂದಳು.

ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಪವಿತ್ರ ಅಳಲಿಲ್ಲ, ನನ್ನೊಡನೆ ಜಗಳವನ್ನೂ ಆಡಲಿಲ್ಲ. ಬೆಕ್ಕಿನ ಸ್ಟೀಲ್ ಬಟ್ಟಲು ತೊಳೆದು, ಒರೆಸಿ, ಕವರಿನಲ್ಲಿ ಹಾಕಿಟ್ಟಳು. ಅದನ್ನು ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ. ನಲವತ್ತೆಂಟು ವರ್ಷದ ಗಂಡಸು, ಒಂದು ಚಿಲಕದ ವಿಷಯ ಒಪ್ಪಿಕೊಳ್ಳಲು ಇಷ್ಟು ಹೆದರಬೇಕೇ?

ಸಂಜೆ ಬಾಮೈದ ಬೈಕಿನಲ್ಲಿ ಮುಚ್ಚಳದ ಬುಟ್ಟಿ ಕಟ್ಟಿಕೊಂಡು ಬಂದ. ದೊರಸಾನಿಯನ್ನು ಹಿಡಿಯುವ ಕಷ್ಟವೇ ಬರಲಿಲ್ಲ. ಬುಟ್ಟಿ ಕಂಡದ್ದೇ ತಾನಾಗಿ ಒಳಗಿಳಿದು, ಎರಡು ಸುತ್ತು ಸುತ್ತಿ, ಆರಾಮಾಗಿ ಕೂತಳು. ಹೊಸ ಕುರ್ಚಿ ಬಂತು ಅಂದುಕೊಂಡಿರಬೇಕು. ಬಾಮೈದ ಮುಚ್ಚಳ ಹಾಕಲು ಕೈ ಎತ್ತಿದ.

"ತಡಿಯಪ್ಪಾ. ಬಾಗಿಲು ತೆಗೆದದ್ದು ನಾನು" ಎಂದೆ. "ಫೋಟೋ ತೆಗೆಯೋಕೆ ಹೋಗಿದ್ದೆ. ಚಿಲಕ ಹಾಕಲಿಲ್ಲ."

ಪವಿತ್ರ ಬುಟ್ಟಿಗೆ ಕೈಹಾಕಿ ಬೆಕ್ಕನ್ನು ಎತ್ತಿಕೊಂಡಳು. ರತ್ನ ಉಳಿದ ಹಣ್ಣು ಹುಳಗಳನ್ನು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಗೊತ್ತು" ಎಂದಳು.

"ಯಾವಾಗಿಂದ?"

"ಬೆಳಿಗ್ಗೆಯಿಂದ. ಚಂದ್ರಿಕೆ ಕೊಟ್ಟೋರ ಮನೇಲೇ ನಿಮ್ಮ ಸ್ಟೇಟಸ್ ತೋರ್ಸಿದ್ರು. ಹುಳ ಬಲೇ ಚೆನ್ನಾಗವೆ ಕಣಕ್ಕ ಅಂದ್ರು."

"ಮತ್ತೆ ಇವನನ್ನ ಯಾಕೆ ಕರೆಸಿದೆ?"

"ನೀವು ಎಷ್ಟೊತ್ತು ಸುಮ್ನಿರ್ತೀರ ನೋಡಾನ ಅಂತ."

ಬಾಮೈದ ತನ್ನ ಬೈಕಿನ ಚಕ್ರದಲ್ಲಿ ಗಾಳಿ ಇದೆಯೇ ಎಂದು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ. ಅವನಿಗೂ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು, ನಾನು ಎಂಥವನೆಂದು.

ರತ್ನ ಕೈಯಲ್ಲಿದ್ದ ಹುಳವನ್ನು ಮೆಲ್ಲಗೆ ಚಂದ್ರಿಕೆಗೆ ಬಿಟ್ಟು, ಮೊದಲ ಬಾರಿ ನನ್ನ ಮುಖ ನೋಡಿದಳು.

"ಬೆಕ್ಕು ಇಲ್ಲೇ ಇರ್ತೈತೆ. ನಿಮ್ಮ ವಿಷ್ಯ ಗೂಡು ಬಿಡಿಸಿದ ಮೇಲೆ ನೋಡಾನ."