ಗಿರಿಜಾಂಬಳ ಮನೆಯ ಜೋಡಿ ಗಾಜಿನ ಕಿಟಕಿ

ಗವಿಪುರದಲ್ಲಿ ಲಕ್ಷ್ಮೀದೇವಮ್ಮನ ಅಡುಗೆಮನೆ ಕಿಟಕಿಗೂ ಪಕ್ಕದ ಮನೆ ಗಿರಿಜಾಂಬಳ ಕಿಟಕಿಗೂ ನಡುವೆ ಒಂದು ಓಣಿ. ಓಣಿ ಅಂದರೆ ಎಷ್ಟು? ಇಲ್ಲಿಂದ ಕೈ ಚಾಚಿದರೆ ಅಲ್ಲಿಂದ ಕರಿಬೇವು ಈಸಿಕೊಳ್ಳುವಷ್ಟು. ಮಾಗಡಿ ಕಡೆಯಿಂದ ಸೊಸೆಯಾಗಿ ಬಂದ ಲಕ್ಷ್ಮೀದೇವಮ್ಮ ಅತ್ತೆಯ ಕಾಟ, ಬಾಣಂತನ, ಗಂಡ ಹೋದ ದುಃಖ ಎಲ್ಲವನ್ನೂ ಅವರೆಕಾಯಿ ಸುಲಿಯುತ್ತ ಆ ಕಿಟಕಿಯಲ್ಲೇ ಹೇಳಿಕೊಂಡಿದ್ದಾಳೆ. ಗಿರಿಜಾಂಬ ಕೇಳಿದ್ದಾಳೆ. ಕೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಬಿಡಿ.

ಹೋದ ವರ್ಷ ಗಿರಿಜಾಂಬಳ ಮಗ ಕೈಲಾಸ್ ಆ ಕಿಟಕಿಯಿದ್ದ ಕೋಣೆಯನ್ನು ರೆಕಾರ್ಡಿಂಗ್ ಸ್ಟುಡಿಯೋ ಮಾಡಲು ಹೊರಟ.

"ಅಮ್ಮ ವಚನ ಹಾಡ್ತಾರೆ ಆಂಟಿ, ಯೂಟ್ಯೂಬ್‌ಗೆ ಹಾಕ್ತೀನಿ. ರಸ್ತೆ ಸದ್ದು ಒಳಗೆ ಬರಬಾರದು. ಎರಡೂ ಕಿಟಕಿಗೆ ಯಾವ ಗಾಜು ಸರಿಹೋಗುತ್ತೆ ಅಂತ ಮೊದ್ಲು ಈ ಕಡೆಯದಕ್ಕೆ ಹಾಕಿ ನೋಡ್ಬೇಕು, ಸ್ವಲ್ಪ ಗಲಾಟೆ ಮಾಡ್ಕೊಡ್ತೀರಾ? ನಿಮ್ಮ ಮಿಕ್ಸಿ ಸದ್ದನ್ನೇ ತಡೆದ್ರೆ ಆಟೋ ಸದ್ದು ಯಾವ ಲೆಕ್ಕ!"

"ಅಯ್ಯೋ, ನಮ್ಮನೇಲಿ ಗಲಾಟೆಗೇನಪ್ಪ ಬರಗಾಲ?" ಎಂದು ಲಕ್ಷ್ಮೀದೇವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೇಬಿಟ್ಟಳು.

ಮೊದಲು ಅಕ್ರಿಲಿಕ್ ಹಾಳೆ ಬಂತು. ಮಿಕ್ಸಿ ಹಾಗಿರಲಿ, ಒಗ್ಗರಣೆಯ ಚಟಪಟವೂ ಒಳಗೆ ಕೇಳಿತು. ಆಮೇಲೆ ದಪ್ಪನೆಯ ಒಂಟಿ ಗಾಜು. ಮಾತು ನಿಂತರೂ ಗ್ರೈಂಡರ್ ಗುರುಗುಟ್ಟುವುದು ನಿಲ್ಲಲಿಲ್ಲ. ಕಡೆಗೆ ನಡುವೆ ಅಂಟಿನ ಪದರವಿರುವ ಲ್ಯಾಮಿನೇಟೆಡ್ ಗಾಜು ಒಂದು, ಅದರಾಚೆ ಗೇಣು ಜಾಗ ಬಿಟ್ಟು ಮಾಮೂಲಿ ಗಾಜು ಇನ್ನೊಂದು. ಆಗಲೂ ಎಲ್ಲಿಂದಲೋ ಸದ್ದು ನುಸುಳುತ್ತಿತ್ತು. ಕೈಲಾಸ್ ಹೇಳಿದಂತೆ ಲಕ್ಷ್ಮೀದೇವಮ್ಮ ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ಹಿಡಿದಳು. ಹೊಗೆ ಒಳಕ್ಕೆ ಬಾಗಿದ ಕಡೆಯೆಲ್ಲ ಅವನು ರಬ್ಬರ್ ಪಟ್ಟಿ ಒತ್ತಿದ. ಆಮೇಲೆ ಅವಳು "ಗಿರಿಜಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದರೂ ಒಳಗೆ ಕೂತಿದ್ದ ಗಿರಿಜಾಂಬ ತಿರುಗಿ ನೋಡಲಿಲ್ಲ. ಲಕ್ಷ್ಮೀದೇವಮ್ಮನಿಗೆ ಹಿಗ್ಗೋ ಹಿಗ್ಗು. ತಾನೇ ಏನೋ ಗೆದ್ದವಳ ಹಾಗೆ ಅವತ್ತು ಮನೆಯಲ್ಲಿ ಪಾಯಸ ಮಾಡಿದಳು, ಪೆದ್ದಿ.

ಒಂದು ದಿನ ಮಧ್ಯಾಹ್ನ ಸೊಸೆ ಯಮುನಾ ಮೊಬೈಲ್ ಹಿಡಿದು ಬಂದಳು. "ಅತ್ತೆ, ಗಿರಿಜಾಂಬ ಆಂಟಿ ಎಷ್ಟ್ ಚೆನ್ನಾಗಿ ಕಥೆ ಹೇಳ್ತಾರೆ ನೋಡಿ. ಅವರಮ್ಮ ಎಷ್ಟು ಕಷ್ಟಪಟ್ಟಿದ್ರಂತೆ, ಪಾಪ!"

ಕಥೆಯೇ? ವಚನ ಎಲ್ಲಿ ಹೋಯಿತು?

ಗಿರಿಜಾಂಬ ಹೇಳುತ್ತಿದ್ದಳು, ಹಿಂದೆ ಕೊಳಲು ಬೇರೆ. ಗೌಡರ ಮನೆಯ ಮದುವೆಯಂತೆ. ಜ್ವರ ಬಂದು ಮಲಗಿದ್ದ ಮಗಳಿಗೆಂದು ತಾಯಿ ಎರಡು ಒಬ್ಬಟ್ಟನ್ನು ಮಡಿಲಲ್ಲಿ ಅಡಗಿಸಿಕೊಂಡಳಂತೆ. ಪಂಕ್ತಿಯಿಂದ ಏಳುವಾಗ ಎಲ್ಲರೆದುರಿಗೆ ಉದುರಿದವಂತೆ. ಜನ ನಕ್ಕರು, ತಾಯಿಯೂ ನಕ್ಕಳು, ನಗುತ್ತಲೇ ಹೆಕ್ಕಿಕೊಂಡು ಬಂದಳು, ಆಮೇಲೆ ಸಾಯುವ ತನಕ ಯಾರ ಮದುವೆಗೂ ಹೋಗಲಿಲ್ಲ. "ಅವಳೇ ನಮ್ಮಮ್ಮ," ಎಂದು ಗಿರಿಜಾಂಬ ಕಣ್ಣೊರೆಸಿಕೊಂಡಳು.

ಲಕ್ಷ್ಮೀದೇವಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಜ್ವರದ ಮಗಳು ತಾನು. ಕಟ್ಟಿಕೊಂಡ ಗಂಡನಿಗೂ ಹೇಳದ ಮಾತು ಅದು. ಒಂದೇ ಒಂದು ಸಲ, ಆ ಕಿಟಕಿಯಲ್ಲಿ ಅಳುತ್ತ ಹೇಳಿ, "ಯಾರ ಹತ್ರಾನೂ ಅನ್ಬೇಡ ಕಣೇ" ಎಂದು ಕೈಹಿಡಿದು ಕೇಳಿಕೊಂಡಿದ್ದಳು. ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ ಇದ್ದ ಮನೆತನ ಗಿರಿಜಾಂಬಳದು. ಅವಳ ತಾಯಿ ಒಬ್ಬಟ್ಟು ಅಡಗಿಸಿದಳಂತೆ! ಥೂ!

ಕಿಟಕಿಯಲ್ಲಿ ಕೂಗಿ ಪ್ರಯೋಜನವಿರಲಿಲ್ಲವಲ್ಲ, ರಸ್ತೆ ಸುತ್ತಿಕೊಂಡು ಮುಂಬಾಗಿಲಿಂದ ಹೋಗಿ ನೇರವಾಗಿ ಸ್ಟುಡಿಯೋಗೇ ನುಗ್ಗಿದಳು. ಗಿರಿಜಾಂಬ ಒಬ್ಬಳೇ ಇದ್ದಳು. ಬೈಯಲು ಬಾಯಿ ತೆರೆದವಳಿಗೆ ಒಂದು ಆಟೋ ಹಾರನ್ ಕಿವಿಯ ಪಕ್ಕದಲ್ಲೇ ಹೊಡೆದ ಹಾಗೆ ಕೇಳಿತು. ತಿರುಗಿ ನೋಡಿದಳು. ರಸ್ತೆ ಕಡೆಯ ಕಿಟಕಿಗೆ ಅದೇ ಹಳೇ ಗಾಜು, ಮೂಲೆಯಲ್ಲಿ ಬಿರುಕು, ಮೇಲೊಂದು ಕಂಬಳಿ ಇಳಿಬಿಟ್ಟಿತ್ತು, ಅಷ್ಟೇ.

"ಈ ಕಡೆ ಗಾಜು ಹಾಕ್ಸಲೇ ಇಲ್ವೇನೇ?"

ಗಿರಿಜಾಂಬ ತಲೆ ತಗ್ಗಿಸಿದಳು. "ಆ ಕಡೆ ನೀನು ಕೂತು ಕೇಳಿಸ್ಕೊಳ್ತಿದ್ರೆ ನನಗೆ ಬಾಯೇ ಬರ್ತಿರ್ಲಿಲ್ಲ ಲಕ್ಷ್ಮೀ. ಆಟೋ ಬಂದ್ರೆ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಹೇಳ್ಬಹುದು."

"ನನ್ನ ಕೈಲೇ ಊದುಬತ್ತಿ ಹಿಡಿಸಿದ್ರಲ್ಲೇ!"

"ನಿನ್ನ ಹೆಸರು ಹೇಳಿದ್ರೆ ನಿನಗೇ ಅವಮಾನ ಅಂತ ನಮ್ಮಮ್ಮನ ಕಥೆ ಅಂದೆ ಕಣೇ. ಕೇಳಿದೋರೆಲ್ಲ ಎಷ್ಟು ಅತ್ತಿದ್ದಾರೆ ಗೊತ್ತಾ?"

ಲಕ್ಷ್ಮೀದೇವಮ್ಮ ಅವಳನ್ನೇ ನೋಡಿದಳು. "ಅವಳ ಹೆಸರೇನು ಹೇಳು."

"ಯಾರದು?"

"ಅಮ್ಮ ಅಮ್ಮ ಅಂತ ಕಣ್ಣೊರೆಸ್ಕೊಂಡ್ಯಲ್ಲ, ಅವಳದು."

ಇಷ್ಟು ವರ್ಷ ಲಕ್ಷ್ಮೀದೇವಮ್ಮ "ನಮ್ಮವ್ವ, ನಮ್ಮವ್ವ" ಎನ್ನುವುದನ್ನು ಗಿರಿಜಾಂಬ ಕೇಳಿಸಿಕೊಂಡಿದ್ದಳೇ ಹೊರತು ಹೆಸರೇನೆಂದು ಒಂದು ದಿನವೂ ಕೇಳಿರಲಿಲ್ಲ.

"ನೀನೂ ಹೇಳಿಲ್ವಲ್ಲೇ," ಎಂದಳು ಮೆಲ್ಲಗೆ. "ಏನು ಹೆಸರು?"

"ಹೇಳಲ್ಲ," ಎಂದಳು ಲಕ್ಷ್ಮೀದೇವಮ್ಮ. "ಅದನ್ನೂ ತಗೊಂಡ್ಬಿಡ್ತೀಯ."